ವಿಳಾಸಕ್ಕೂ ಸಾಕ್ಷಿ ಬೇಕು!

ಟೆಲಿಫೋನ್ ಡೈರೆಕ್ಟರಿಯನ್ನು ಇಂದಿನ ಶಾಲಾ ಮಕ್ಕಳು ಬಹುಶಃ ಕಂಡಿರಲಾರರು. ಜಗತ್ತಿನ ಮೊದಲ ಡೈರೆಕ್ಟರಿ ಅಚ್ಚಾದದ್ದು 1878ರಲ್ಲಿ, ಅಮೆರಿಕದ ನ್ಯೂ ಹೇವನ್ ನಗರದಲ್ಲಿ. ಅದು ಪುಸ್ತಕವಲ್ಲ, ಒಂದೇ ಒಂದು ಹಾಳೆ. ಅದರಲ್ಲಿ ಇದ್ದದ್ದು ಸುಮಾರು 50 ಹೆಸರುಗಳು. ಫೋನ್ ಸಂಖ್ಯೆಗಳೇ ಇರಲಿಲ್ಲ! ವಿನಿಮಯ ಕೇಂದ್ರದವರಿಗೆ ಹೆಸರು ಹೇಳಿದರೆ ಸಾಕು, ಅವರೇ ತಂತಿ ಜೋಡಿಸಿಕೊಡುತ್ತಿದ್ದರು.

ಮುಂದೆ ಡೈರೆಕ್ಟರಿಗಳು ಇಟ್ಟಿಗೆಯಷ್ಟು ದಪ್ಪವಾದವು. ವ್ಯಾಪಾರಿಗಳಿಗೆಂದೇ ಹಳದಿ ಪುಟಗಳು ಬಂದವು. ಅಲ್ಲಿ ಹೆಸರುಗಳು ಅಕ್ಷರಾನುಕ್ರಮದಲ್ಲಿ ಇರುತ್ತಿದ್ದುದರಿಂದ ಅಮೆರಿಕದ ಜಾಣ ವ್ಯಾಪಾರಿಗಳು ತಮ್ಮ ಸಂಸ್ಥೆಗಳಿಗೆ ‘ಎಎಎ’, ‘ಎ-ಒನ್’ ಎಂದೆಲ್ಲ ನಾಮಕರಣ ಮಾಡತೊಡಗಿದರು. ಪಟ್ಟಿಯ ತಲೆಯಲ್ಲಿ ಕುಳಿತವನಿಗೆ ಮೊದಲ ಗಿರಾಕಿ!

ಇಂದು ಆ ಪಟ್ಟಿ ಮೊಬೈಲ್ ಫೋನಿನೊಳಗೆ ಸೇರಿಕೊಂಡಿದೆ. ‘ಹತ್ತಿರದ ಪುಸ್ತಕದಂಗಡಿ’ ಎಂದು ಹುಡುಕಿದರೆ ನಕ್ಷೆಯ ಜೊತೆಗೆ ಕೆಲವೇ ಹೆಸರುಗಳು ಮೊದಲು ಕಾಣುತ್ತವೆ. ಉಳಿದವನ್ನು ನೋಡುವ ತಾಳ್ಮೆ ಎಷ್ಟು ಜನರಿಗಿದೆ? ಇಲ್ಲಿ ಅಕ್ಷರಾನುಕ್ರಮ ನಡೆಯುವುದಿಲ್ಲ. ಹಾಗಾದರೆ ಯಾರನ್ನು ಮುಂದೆ ಕೂರಿಸಬೇಕು, ಯಾರನ್ನು ಹಿಂದಕ್ಕೆ ಕಳಿಸಬೇಕು ಎಂಬುದು ತೀರ್ಮಾನವಾಗುವುದು ಹೇಗೆ?

ಮೂರು ಅಳತೆಗೋಲುಗಳು

ಶೋಧಯಂತ್ರಗಳ ಪೈಕಿ ಹೆಚ್ಚು ಬಳಕೆಯಲ್ಲಿರುವ ಗೂಗಲ್ ತಾನೇ ಹೇಳಿರುವಂತೆ, ಸ್ಥಳೀಯ ಹುಡುಕಾಟದಲ್ಲಿ ಮೂರು ಅಂಶಗಳು ಮುಖ್ಯ. ಮೊದಲನೆಯದು ಹೊಂದಿಕೆ: ನೀವು ಕೇಳಿದ್ದಕ್ಕೂ ಆ ಅಂಗಡಿಯ ಕೆಲಸಕ್ಕೂ ತಾಳೆಯಾಗಬೇಕು. ಎರಡನೆಯದು ದೂರ. ಮೂರನೆಯದು ಪ್ರಸಿದ್ಧಿ. ಇವು ಮೂರೂ ಕೂಡಿ ಸ್ಥಾನ ನಿರ್ಧಾರವಾಗುವುದರಿಂದ ಪಕ್ಕದ ಬೀದಿಯ ಅಂಗಡಿಯನ್ನು ಹಿಂದಿಕ್ಕಿ ಎರಡು ಕಿಲೋಮೀಟರ್ ಆಚೆಯ ಅಂಗಡಿ ಮೊದಲು ಕಾಣುವುದುಂಟು. ಹಣ ಕೊಟ್ಟು ಈ ಸ್ಥಾನವನ್ನು ಕೊಳ್ಳಲಾಗದು ಎಂದೂ ಗೂಗಲ್ ಹೇಳುತ್ತದೆ. ಹಣ ಕೊಟ್ಟವರದು ಜಾಹೀರಾತು. ಅದಕ್ಕೆ ಬೇರೆಯೇ ಗುರುತು ಇರುತ್ತದೆ.

ಹೊಂದಿಕೆ, ದೂರ ಎರಡೂ ಸುಲಭವಾಗಿ ಅರ್ಥವಾಗುತ್ತವೆ. ಆದರೆ ಊರಿನ ಮುಖವನ್ನೇ ಕಾಣದ ಯಂತ್ರಕ್ಕೆ ಅಲ್ಲಿನ ಅಂಗಡಿಯ ಪ್ರಸಿದ್ಧಿ ತಿಳಿಯುವುದಾದರೂ ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು ಪೇಟೆಯಲ್ಲಲ್ಲ, ವಿಜ್ಞಾನಿಗಳ ಗ್ರಂಥಾಲಯದಲ್ಲಿ.

ಗ್ರಂಥಾಲಯದಿಂದ ಪೇಟೆಗೆ

ವಿಜ್ಞಾನಿಯೊಬ್ಬ ಪ್ರಬಂಧ ಬರೆಯುವಾಗ ತನಗೆ ನೆರವಾದ ಹಿಂದಿನ ಪ್ರಬಂಧಗಳನ್ನು ಹೆಸರಿಸುತ್ತಾನೆ. ಇದೇ ಉಲ್ಲೇಖ. ಯಾವ ಪ್ರಬಂಧವನ್ನು ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ಪಟ್ಟಿ ಮಾಡಿದರೆ ವಿಜ್ಞಾನದ ಬೆಳವಣಿಗೆಯ ಜಾಡು ಸಿಗುತ್ತದೆ ಎಂದು 1955ರಲ್ಲಿ ಸೂಚಿಸಿದವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. 1960ರ ದಶಕದಲ್ಲಿ ಅವರು ಅಂಥ ಸೂಚಿಯನ್ನು ಪ್ರಕಟಿಸಿಯೂ ತೋರಿಸಿದರು. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಇದೇ ತತ್ವವನ್ನು ಅಂತರಜಾಲಕ್ಕೆ ಅಳವಡಿಸಿದ ಬಗೆಯನ್ನು ಪ್ರಬಂಧವಾಗಿ ಮಂಡಿಸಿದರು. ಒಂದು ಪುಟ ಇನ್ನೊಂದಕ್ಕೆ ಕೊಂಡಿ ಕೊಟ್ಟರೆ ಅದೂ ಒಂದು ಉಲ್ಲೇಖವೇ. ಹೇಳಿದವರು ಹೆಚ್ಚು ಪ್ರಸಿದ್ಧರಾದರೆ ಆ ಮಾತಿಗೆ ತೂಕವೂ ಹೆಚ್ಚು.

ಅಂಗಡಿಗಳ ವಿಷಯದಲ್ಲಿ ಕೊಂಡಿಯೇ ಬೇಕೆಂದಿಲ್ಲ. ವ್ಯಾಪಾರಿ ಸಂಘದ ಪಟ್ಟಿ, ಜಸ್ಟ್‌ಡಯಲ್‌ನಂಥ ಮಾಹಿತಿ ಸೇವೆ, ಪತ್ರಿಕೆಯ ವರದಿ, ಹೀಗೆ ಎಲ್ಲೇ ಆಗಲಿ ಅಂಗಡಿಯ ಹೆಸರು, ವಿಳಾಸ, ಫೋನ್ ಸಂಖ್ಯೆ ಕಾಣಿಸಿಕೊಂಡರೆ ಅದೂ ಒಂದು ಸಾಕ್ಷಿ. ‘ಹೌದು, ಈ ಅಂಗಡಿ ಇದೆ, ಇಲ್ಲಿಯೇ ಇದೆ’ ಎಂದು ಹತ್ತು ಕಡೆಯಿಂದ ಒಂದೇ ಮಾತು ಬಂದರೆ ನಂಬಿಕೆ ಬೆಳೆಯುತ್ತದೆ. ಗಿರಾಕಿಗಳ ವಿಮರ್ಶೆಗಳು ಇದಕ್ಕೆ ಜೊತೆಯಾಗುತ್ತವೆ. ಯಾವುದಕ್ಕೆ ಎಷ್ಟು ತೂಕ ಎಂಬ ಲೆಕ್ಕವನ್ನು ಮಾತ್ರ ಗೂಗಲ್ ಗುಟ್ಟಾಗಿಯೇ ಇಟ್ಟುಕೊಂಡಿದೆ.

ಒಂದೇ ಅಂಗಡಿ, ನಾಲ್ಕು ಹೆಸರು

ಸಾಕ್ಷಿಗಳ ಹೇಳಿಕೆ ಒಂದಕ್ಕೊಂದು ಹೊಂದದಿದ್ದರೆ? ಒಂದು ಪಟ್ಟಿಯಲ್ಲಿ ‘ಶ್ರೀ ಗಣೇಶ್ ಸ್ಟೋರ್ಸ್’, ಇನ್ನೊಂದರಲ್ಲಿ ‘ಗಣೇಶ ಪ್ರಾವಿಜನ್ಸ್’. ಒಂದು ಕಡೆ ‘3ನೇ ಕ್ರಾಸ್’, ಇನ್ನೊಂದು ಕಡೆ ‘ಪೋಸ್ಟ್ ಆಫೀಸ್ ಹಿಂಭಾಗ’. ಫೋನ್ ಸಂಖ್ಯೆ ಎಂದೋ ಕಡಿದುಹೋದ ಲ್ಯಾಂಡ್‌ಲೈನಿನದು. ಊರಿನವರಿಗೆ ಇವೆಲ್ಲ ಒಂದೇ ಅಂಗಡಿ. ಯಂತ್ರಕ್ಕೆ ಎರಡೋ ನಾಲ್ಕೋ ಅಂಗಡಿಗಳಂತೆ ತೋರಬಹುದು. ಆಗ ಸಾಕ್ಷಿಗಳು ಹಂಚಿಹೋಗಿ ಯಾವುದಕ್ಕೂ ಬಲ ಬರುವುದಿಲ್ಲ.

ಕರ್ನಾಟಕದಲ್ಲಿ ಈ ಗೋಜಲಿಗೆ ಇನ್ನೊಂದು ಕಾರಣವೂ ಸೇರಿತು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾಯಿತು. ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಊರಿನ ಎರಡು ಹೆಸರನ್ನು ಯಂತ್ರಕ್ಕೆ ಒಮ್ಮೆ ಕಲಿಸಿದರೆ ಮುಗಿಯಿತು. ಆದರೆ ಪ್ರತಿ ಅಂಗಡಿಯ ನಾಲ್ಕು ಬಗೆಯ ಕಾಗುಣಿತವನ್ನು ಕಲಿಸುವವರು ಯಾರು? ಆ ಕೆಲಸ ಅಂಗಡಿಯವರದೇ.

ನಕಲು ಸಾಕ್ಷಿಯ ಅಪಾಯ

ಐವರು ವಿದ್ಯಾರ್ಥಿಗಳು ಲೋಲಕದ ಆಂದೋಲನದ ಅವಧಿಯನ್ನು ಅಳೆದು ಒಂದೇ ಉತ್ತರ ಬರೆದರೆ ಆ ಉತ್ತರ ನಂಬಲರ್ಹ. ಒಬ್ಬ ಅಳೆದು ನಾಲ್ವರು ಅವನ ಪುಸ್ತಕ ನೋಡಿ ಬರೆದಿದ್ದರೆ? ಅದು ಐದು ಅಳತೆಯಲ್ಲ, ಒಂದೇ ಅಳತೆ. ಮಾಹಿತಿ ಪಟ್ಟಿಗಳ ಕಥೆಯೂ ಹೀಗೆಯೇ. ಒಂದರಿಂದ ಇನ್ನೊಂದು ನಕಲಾಗುವುದುಂಟು. ಒಂದರಲ್ಲಿನ ತಪ್ಪು ಹತ್ತರಲ್ಲೂ ಉಳಿಯುವುದುಂಟು. ಸಾಕ್ಷಿಗಳು ಎಷ್ಟಿವೆ ಎಂಬುದಕ್ಕಿಂತ ಅವು ಸ್ವತಂತ್ರವೇ ಎಂಬ ಪ್ರಶ್ನೆ ದೊಡ್ಡದು.

ಇದನ್ನು ಲಂಡನ್ನಿನ ಪತ್ರಕರ್ತ ಊಬಾ ಬಟ್ಲರ್ 2017ರಲ್ಲಿ ಜಗತ್ತಿಗೇ ತೋರಿಸಿಕೊಟ್ಟರು. ತಮ್ಮ ಹಿತ್ತಲಿನ ಶೆಡ್ಡನ್ನು ‘ದಿ ಶೆಡ್ ಅಟ್ ಡಲಿಚ್’ ಎಂಬ ಹೋಟೆಲ್ ಎಂದು ಟ್ರಿಪ್‌ಅಡ್ವೈಸರ್ ತಾಣದಲ್ಲಿ ನೋಂದಾಯಿಸಿದರು. ಶೇವಿಂಗ್ ಫೋಮ್ ಬಳಸಿ ‘ತಿನಿಸು’ಗಳ ಚಿತ್ರ ತೆಗೆದರು. ಗೆಳೆಯರಿಂದ ಹೊಗಳಿಕೆ ಬರೆಸಿದರು. ಒಂದೇ ಒಂದು ಊಟವನ್ನೂ ಬಡಿಸದ ಆ ಹೋಟೆಲ್ ಕೆಲವೇ ತಿಂಗಳಲ್ಲಿ ಲಂಡನ್ನಿನ 18 ಸಾವಿರಕ್ಕೂ ಹೆಚ್ಚು ಹೋಟೆಲುಗಳನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೇರಿತು!

ಅದು ತಮಾಷೆ. ನಮ್ಮ ದೇಶದಲ್ಲಿ ನಡೆದದ್ದು ಮೋಸ. ಗೂಗಲ್ ನಕ್ಷೆಯಲ್ಲಿ ಸಾರ್ವಜನಿಕರೂ ತಿದ್ದುಪಡಿ ಸೂಚಿಸಬಹುದು. 2018ರಲ್ಲಿ ವಂಚಕರು ಈ ಸೌಲಭ್ಯವನ್ನೇ ಬಳಸಿ ಬ್ಯಾಂಕ್ ಶಾಖೆಗಳ ಫೋನ್ ಸಂಖ್ಯೆಯ ಜಾಗದಲ್ಲಿ ತಮ್ಮ ಸಂಖ್ಯೆ ಸೇರಿಸಿದ್ದು ಮಹಾರಾಷ್ಟ್ರದಲ್ಲಿ ಬೆಳಕಿಗೆ ಬಂತು. ಬ್ಯಾಂಕೆಂದು ನಂಬಿ ಕರೆ ಮಾಡಿದ ಗ್ರಾಹಕರು ತಮ್ಮ ಖಾತೆಯ ಗುಟ್ಟನ್ನು ಕಳ್ಳರ ಕೈಗೇ ಒಪ್ಪಿಸಿದ್ದರು.

ಮನೆಯಲ್ಲೇ ಮಾಡಬಹುದಾದ ಕೆಲಸ

ಅಪ್ಪನ ಅಂಗಡಿಯೋ ಅಮ್ಮನ ಹೊಲಿಗೆ ತರಗತಿಯೋ ಇದ್ದರೆ ಮಕ್ಕಳು ಒಂದು ಭಾನುವಾರ ಕುಳಿತು ಅದರ ಹೆಸರನ್ನು ಅಂತರಜಾಲದಲ್ಲಿ ಹುಡುಕಲಿ. ಎಲ್ಲೆಲ್ಲಿ ಏನೇನು ಬರೆದಿದೆ ಎಂದು ಪಟ್ಟಿ ಮಾಡಲಿ. ಬೋರ್ಡಿನಲ್ಲಿರುವ ಹೆಸರು, ಸರಿಯಾದ ವಿಳಾಸ, ಈಗಿನ ಫೋನ್ ಸಂಖ್ಯೆ, ಬಾಗಿಲು ತೆರೆಯುವ ವೇಳೆ ಎಲ್ಲ ಕಡೆಯೂ ಒಂದೇ ರೀತಿ ಇರುವಂತೆ ತಿದ್ದಲಿ. ಗೂಗಲ್‌ನಲ್ಲಿ ಮಾಲೀಕರೇ ತಮ್ಮ ಅಂಗಡಿಯ ವಿವರವನ್ನು ದೃಢಪಡಿಸಿಕೊಳ್ಳಲು ಶುಲ್ಕವಿಲ್ಲ. ಮೇಲಕ್ಕೇರಲೆಂದು ಹೆಸರಿನ ಜೊತೆ ‘ಊರಿಗೇ ಬೆಸ್ಟ್’ ಎಂಬಂಥ ಬಾಲಂಗೋಚಿ ಸೇರಿಸುವುದು ನಿಯಮಕ್ಕೆ ವಿರುದ್ಧ. ವಿಮರ್ಶೆಗಳನ್ನು ಕೊಳ್ಳುವುದೂ ಸಲ್ಲದು. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಅಂತರಜಾಲ ವಿಮರ್ಶೆಗಳಿಗೆಂದೇ ಐಎಸ್ 19000 ಎಂಬ ಮಾನಕವನ್ನು ಹೊರತಂದಿದೆ.

ಟ್ಯೂಷನ್ ತರಗತಿ, ಹಾಸ್ಟೆಲ್, ಕಾಲೇಜು ಆರಿಸುವ ತಂದೆ-ತಾಯಿ ಇನ್ನೊಂದು ಮಾತನ್ನು ಮರೆಯಬಾರದು. ಮೊದಲ ಸ್ಥಾನ ಎಂದರೆ ಹೆಚ್ಚು ಸಾಕ್ಷಿ ಸಿಕ್ಕಿದೆ ಎಂದಷ್ಟೇ ಅರ್ಥ, ಕಲಿಸುವುದು ಚೆನ್ನಾಗಿದೆ ಎಂದಲ್ಲ. ಒಂದೇ ವಾರದಲ್ಲಿ, ಒಂದೇ ಧಾಟಿಯಲ್ಲಿ ಬಂದ ಹೊಗಳಿಕೆಗಳನ್ನು ಸಂಶಯದಿಂದ ನೋಡಬೇಕು. ಅಲ್ಲಿ ಓದಿದ ಮಕ್ಕಳನ್ನು ಕೇಳಬೇಕು, ಸ್ವತಃ ಹೋಗಿ ನೋಡಬೇಕು. ಬ್ಯಾಂಕಿನ ಫೋನ್ ಸಂಖ್ಯೆಯನ್ನಂತೂ ಪಾಸ್‌ಬುಕ್ಕಿನಿಂದಲೋ ಕಾರ್ಡಿನ ಹಿಂಬದಿಯಿಂದಲೋ ನೋಡಿಕೊಳ್ಳುವುದೇ ಕ್ಷೇಮ. ಮೋಸವಾಗಿಯೇ ಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.