ಬಿ. ಡಿ. ಓ. ಸಾಹೇಬರ ಸಹಿ

ತಾಲ್ಲೂಕು ಕೇಂದ್ರವಾದ ಯಾವ ಊರಿಗೆ ಹೋದರೂ ಎರಡು ಸರ್ಕಾರಿ ಕಚೇರಿಗಳು ಕಣ್ಣಿಗೆ ಬೀಳದೆ ಇರವು. ಮೊದಲನೆಯದು ತಹಸೀಲ್ದಾರರದು, ಅದಕ್ಕೆ ಹಳೆಯ ಕಾಲದ ಗತ್ತು. ಪಹಣಿ, ಖಾತೆ, ಕಂದಾಯ, ಊರಿನಲ್ಲಿ ಗಲಭೆಯಾದರೆ ಶಾಂತಿ ಕಾಯುವ ಹೊಣೆ—ಇವು ಅಲ್ಲಿಯ ವ್ಯವಹಾರ. ಎರಡನೆಯದರ ಫಲಕದ ಮೇಲೆ ‘ತಾಲ್ಲೂಕು ಪಂಚಾಯಿತಿ’ ಎಂದು ಬರೆದಿರುತ್ತದೆ. ಆದರೆ ಚನ್ನಗಿರಿಯ ಸಂತೆಗೆ ಬಂದ ಮುದುಕರನ್ನಾಗಲಿ, ಹೊನ್ನಾಳಿಯಲ್ಲಿ ಬಸ್ಸಿಗೆ ಕಾದು ನಿಂತ ತಾಯಿಯನ್ನಾಗಲಿ ಕೇಳಿದರೆ, ‘ಬಿ. ಡಿ. ಓ. ಆಫೀಸೇ? ಹೀಗೆ ಹೋಗಿ’ ಎಂದು ಕೈತೋರಿಸಿಯಾರು. ಆ ಹೆಸರಿನ ಹುದ್ದೆ ಕರ್ನಾಟಕದಲ್ಲಿ ಇಲ್ಲವಾಗಿ ದಶಕಗಳು ಕಳೆದಿವೆ. ಹುದ್ದೆ ಹೋಯಿತು, ಹೆಸರು ಮಾತ್ರ ಜನರ ನಾಲಗೆಯನ್ನು ಬಿಟ್ಟು ಹೋಗಿಲ್ಲ.

ಈ ಎರಡನೆಯ ಕಚೇರಿಯ ಅಧಿಕಾರಿಯ ಅಧಿಕಾರ ಎಷ್ಟರದು ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ. ಅವರು ಯಾರನ್ನೂ ಸೆರೆಮನೆಗೆ ಕಳುಹಿಸಲಾರರು. ಯಾರ ಹೊಲವನ್ನೂ ಯಾರ ಹೆಸರಿಗೂ ಬರೆಯಲಾರರು. ಆದರೂ ಊರ ಚರಂಡಿ, ಶಾಲೆಯ ಮಾಡು, ಕೆರೆಯ ಹೂಳು, ಬಡವನ ಮನೆ, ಬೇಸಗೆಯ ಕೂಲಿ—ಇವುಗಳ ಕಾಗದಗಳು ಒಂದಲ್ಲ ಒಂದು ಹಂತದಲ್ಲಿ ಅವರ ಮೇಜನ್ನು ಹಾಯಲೇಬೇಕು. ತಹಸೀಲ್ದಾರರ ಅಧಿಕಾರ ರಾಜ್ಯವು ಪ್ರಜೆಯಿಂದ ಪಡೆಯುವುದಕ್ಕಾಗಿ ಹುಟ್ಟಿದ್ದು. ಈ ಅಧಿಕಾರ ಪ್ರಜೆಗೆ ಕೊಡುವುದಕ್ಕಾಗಿ ಹುಟ್ಟಿದ್ದು. ಕೊಡುವವನ ಅಧಿಕಾರ ಸೌಮ್ಯವಾಗಿರುತ್ತದೆಂದು ಭಾವಿಸುವವರು, ಕೈಯಲ್ಲಿ ಅರ್ಜಿ ಹಿಡಿದು ಜಗಲಿಯ ಬೆಂಚಿನ ಮೇಲೆ ಒಂದು ದಿನ ಕುಳಿತು ನೋಡಬೇಕು.

ಈ ಕಥೆಯ ಆರಂಭ ಹೊನ್ನಾಳಿಗೆ ತೀರ ಹತ್ತಿರದಲ್ಲೇ ಆಯಿತು. ೧೯೫೨ರ ಅಕ್ಟೋಬರ್ ೨ರಂದು, ಗಾಂಧಿ ಜಯಂತಿಯ ದಿನ, ದೇಶದ ೫೫ ಕಡೆಗಳಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಪ್ರಾರಂಭವಾಯಿತು. ಅದೇ ವರ್ಷದ ಜನವರಿಯಲ್ಲಿ ಅಮೆರಿಕದೊಡನೆ ಆದ ತಾಂತ್ರಿಕ ಸಹಕಾರ ಒಪ್ಪಂದದಿಂದ ಅದಕ್ಕೆ ಹಣದ ನೆರವೂ ದೊರೆಯಿತು. ಆಗಿನ ಮೈಸೂರು ರಾಜ್ಯದ ಪಾಲಿಗೆ ಬಂದದ್ದು ಸೊರಬ–ಶಿಕಾರಿಪುರ ಯೋಜನೆ. ಚನ್ನಗಿರಿ, ಹೊನ್ನಾಳಿಗಳೂ ಆಗ ಅದೇ ಶಿವಮೊಗ್ಗ ಜಿಲ್ಲೆಯ ತಾಲ್ಲೂಕುಗಳು. ಜಗಳೂರು ಚಿತ್ರದುರ್ಗ ಜಿಲ್ಲೆಯದು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ. ಮರುವರ್ಷ ಬಂದ ರಾಷ್ಟ್ರೀಯ ವಿಸ್ತರಣ ಸೇವೆ ಒಂದೊಂದಾಗಿ ದೇಶದ ಎಲ್ಲ ತಾಲ್ಲೂಕುಗಳನ್ನೂ ‘ಬ್ಲಾಕು’ಗಳ ಲೆಕ್ಕಕ್ಕೆ ಸೇರಿಸಿತು.

ಒಂದು ಬ್ಲಾಕಿಗೆ ಸುಮಾರು ನೂರು ಹಳ್ಳಿ. ಅದಕ್ಕೊಬ್ಬ ಬ್ಲಾಕ್ ಡೆವಲಪ್‌ಮೆಂಟ್ ಆಫೀಸರು. ಅವರ ಕೈಕೆಳಗೆ ವ್ಯವಸಾಯ, ಪಶುಪಾಲನೆ, ಸಹಕಾರ ಮುಂತಾದ ವಿಷಯಗಳನ್ನು ಬಲ್ಲ ವಿಸ್ತರಣಾಧಿಕಾರಿಗಳು. ಹಳ್ಳಿ ಸುತ್ತುವುದಕ್ಕೆ ಹತ್ತು ಮಂದಿ ಗ್ರಾಮಸೇವಕರು, ಇಬ್ಬರು ಗ್ರಾಮಸೇವಿಕೆಯರು. ೧೯೫೮ರಿಂದ ಮೊದಲ ಐದು ವರ್ಷಗಳ ಹಂತಕ್ಕೆ ಬ್ಲಾಕೊಂದಕ್ಕೆ ೧೨ ಲಕ್ಷ ರೂಪಾಯಿ, ಎರಡನೆಯ ಹಂತಕ್ಕೆ ೫ ಲಕ್ಷ ಎಂದು ಗೊತ್ತಾಯಿತು. ಇವೆಲ್ಲದರ ಜೊತೆಗೆ ಒಂದು ಜೀಪು. ಹಳ್ಳಿಯ ಹುಡುಗರಿಗೆ ಅಭಿವೃದ್ಧಿ ಎಂದರೇನೆಂದು ಮೊದಲು ತಿಳಿದದ್ದು ಆ ಜೀಪು ಎಬ್ಬಿಸಿದ ಧೂಳಿನಿಂದಲೇ!

ಆದರೆ ಈ ಅಧಿಕಾರದೊಳಗೇ ಒಂದು ತೊಡಕಿತ್ತು. ವ್ಯವಸಾಯ ವಿಸ್ತರಣಾಧಿಕಾರಿಗೆ ಇಬ್ಬರು ಯಜಮಾನರು. ರಜೆಗೆ, ಪ್ರವಾಸಕ್ಕೆ, ದಿನಚರಿಗೆ ಬಿ. ಡಿ. ಓ.; ಬೀಜ ಗೊಬ್ಬರಗಳ ಶಾಸ್ತ್ರಕ್ಕೂ ಮುಂದಿನ ಬಡ್ತಿಗೂ ತನ್ನ ಇಲಾಖೆಯ ಮೇಲಧಿಕಾರಿ. ಕಟ್ಟಡದ ಅಂದಾಜು ಪಟ್ಟಿಯನ್ನು ಎಂಜಿನಿಯರರು ಒಪ್ಪದೆ ಬಿ. ಡಿ. ಓ. ಏನೂ ಮಾಡುವಂತಿಲ್ಲ. ಮನೆಗೆಲ್ಲ ಹಿರಿಯಣ್ಣ, ಉಗ್ರಾಣದ ಬೀಗದಕೈ ಮಾತ್ರ ಚಿಕ್ಕಪ್ಪಂದಿರ ಸೊಂಟದಲ್ಲಿ ಎಂಬಂಥ ಸ್ಥಿತಿ. ಈ ತೊಡಕು ಹೆಸರುಗಳು ಬದಲಾದ ಮೇಲೂ ಪೂರ್ತಿ ಬಿಡಿಸಿಕೊಂಡಿಲ್ಲ.

ಇದಕ್ಕಿಂತ ದೊಡ್ಡ ಕೊರತೆಯನ್ನು ಎತ್ತಿ ತೋರಿಸಿದ್ದು ೧೯೫೭ರ ಬಲವಂತರಾಯ್ ಮೆಹತಾ ಸಮಿತಿ. ಯೋಜನೆ ಜನರಿಗಾಗಿ ಇದೆ, ಜನರದಾಗಿಲ್ಲ; ತೀರ್ಮಾನಿಸುವ ಅಧಿಕಾರ ಚುನಾಯಿತ ಸಂಸ್ಥೆಗಳ ಕೈಗೆ ಹೋಗಬೇಕು ಎಂಬುದು ಅದರ ವರದಿಯ ತಿರುಳು. ಮೈಸೂರು ಸರ್ಕಾರ ೧೯೫೯ರ ಕಾಯಿದೆಯಿಂದ ಗ್ರಾಮ ಪಂಚಾಯಿತಿ, ತಾಲ್ಲೂಕು ಅಭಿವೃದ್ಧಿ ಮಂಡಲಿ, ಜಿಲ್ಲಾ ಅಭಿವೃದ್ಧಿ ಪರಿಷತ್ತು ಎಂಬ ಮೂರು ಅಂತಸ್ತುಗಳನ್ನು ಕಟ್ಟಿತು. ಬಿ. ಡಿ. ಓ. ತಾಲ್ಲೂಕು ಮಂಡಲಿಯ ಮುಖ್ಯ ಕಾರ್ಯನಿರ್ವಾಹಕರಾದರು. ಅಂದರೆ, ಜೀಪಿನಲ್ಲಿ ಬಂದು ಹೇಳಿ ಹೋಗುತ್ತಿದ್ದವರು ಇನ್ನು ಮೇಲೆ ಸಭೆಯಲ್ಲಿ ಕುಳಿತು ಉತ್ತರವನ್ನೂ ಹೇಳಬೇಕಾಯಿತು.

ನೆರವು ಹಂಚುವ ಅಧಿಕಾರ ನಿಜವಾಗಿ ಬಿಸಿಯೇರಿದ್ದು ಇನ್ನೂ ಇಪ್ಪತ್ತು ವರ್ಷಗಳ ಅನಂತರ. ೧೯೮೦ರ ಅಕ್ಟೋಬರ್ ೨ರಿಂದ ಸಮಗ್ರ ಗ್ರಾಮೀಣ ಅಭಿವೃದ್ಧಿ ಕಾರ್ಯಕ್ರಮ ದೇಶದ ಎಲ್ಲ ಬ್ಲಾಕುಗಳಿಗೂ ಬಂತು. ವರ್ಷಕ್ಕೆ ಬ್ಲಾಕೊಂದರಲ್ಲಿ ೬೦೦ ಬಡ ಕುಟುಂಬಗಳನ್ನು ಆರಿಸಿ ಹಸುವನ್ನೋ ಎಮ್ಮೆಯನ್ನೋ ಕುರಿಯನ್ನೋ ಹೊಲಿಗೆ ಯಂತ್ರವನ್ನೋ ಕೊಡಿಸಬೇಕು. ಬೆಲೆಯಲ್ಲಿ ಸಣ್ಣ ರೈತನಿಗೆ ಕಾಲು ಭಾಗ, ಅತಿ ಸಣ್ಣ ರೈತನಿಗೂ ಕೂಲಿಕಾರನಿಗೂ ಮೂರನೆಯ ಒಂದು ಭಾಗ ಸರ್ಕಾರದ ಸಹಾಯಧನ. ಉಳಿದದ್ದು ಬ್ಯಾಂಕಿನ ಸಾಲ. ನಿಯಮದಂತೆ ಫಲಾನುಭವಿಗಳ ಪಟ್ಟಿ ಗ್ರಾಮಸಭೆಯ ಮುಂದೆ ಬರಬೇಕು. ಅದು ತಯಾರಾಗುತ್ತಿದ್ದದ್ದು ಮಾತ್ರ ಬ್ಲಾಕ್ ಕಚೇರಿಯಲ್ಲಿ. ಆರುನೂರು ಎಂದು ಬರೆಯುವುದು ಸುಲಭ. ಆರುನೂರ ಒಂದನೆಯವನಿಗೆ ‘ಇಲ್ಲ’ ಎನ್ನುವುದೇ ಅಧಿಕಾರ. ಸಾಲದ ಮೇಲೆ ಕೊಂಡ ಎಮ್ಮೆ ಸತ್ತರೂ ಸಾಲ ಸಾಯುವುದಿಲ್ಲವೆಂಬ ಪಾಠವನ್ನು ಆ ವರ್ಷಗಳಲ್ಲಿ ಅನೇಕ ಬಡವರು ಕಲಿತರು. ಆ ಕಾರ್ಯಕ್ರಮ ೧೯೯೯ರ ಏಪ್ರಿಲ್‌ನಲ್ಲಿ ಸ್ವಸಹಾಯ ಸಂಘಗಳನ್ನು ಆಧರಿಸಿದ ಬೇರೊಂದು ಯೋಜನೆಯಲ್ಲಿ ಲೀನವಾಯಿತು.

ಈ ನಡುವೆ ಅಧಿಕಾರದ ತಕ್ಕಡಿ ಎರಡು ಸಾರಿ ಅಲುಗಾಡಿತು. ‘ನೀರ್ ಸಾಬ್’ ಎಂದು ಜನ ಪ್ರೀತಿಯಿಂದ ಕರೆದ ಅಬ್ದುಲ್ ನಜೀರ್ ಸಾಬ್ ಅವರ ಕಾಲದ ೧೯೮೩ರ ಕಾಯಿದೆ ಜಿಲ್ಲಾ ಪರಿಷತ್ತನ್ನೂ ಮಂಡಲ ಪಂಚಾಯಿತಿಯನ್ನೂ ಬಲಪಡಿಸಿತು. ೧೯೮೭ರ ಜನವರಿಯಲ್ಲಿ ಚುನಾವಣೆಯಾಯಿತು. ತಾಲ್ಲೂಕಿನ ಸಮಿತಿ ಮುಖ್ಯವಾಗಿ ಸಲಹೆ, ಮೇಲ್ವಿಚಾರಣೆಗಳಿಗೆ ನಿಂತದ್ದರಿಂದ ಬಿ. ಡಿ. ಓ. ಕುರ್ಚಿಯ ತೂಕ ಇಳಿಯಿತು. ೧೯೯೩ರ ಪಂಚಾಯತ್ ರಾಜ್ ಕಾಯಿದೆ ತಾಲ್ಲೂಕು ಪಂಚಾಯಿತಿಯನ್ನು ಮತ್ತೆ ಚುನಾಯಿತ ಸಂಸ್ಥೆಯಾಗಿ ನಿಲ್ಲಿಸಿ, ಅದರ ಅಧಿಕಾರಿಯನ್ನು ‘ಕಾರ್ಯನಿರ್ವಾಹಕ ಅಧಿಕಾರಿ’ ಎಂದು ಕರೆಯಿತು.

ಈ ಕಾಯಿದೆಯಲ್ಲಿ ಆ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಭಾಗ ಓದತಕ್ಕದ್ದು. ಪಂಚಾಯಿತಿಯ ನೌಕರರ ಮೇಲಿನ ಹತೋಟಿ ಅವರದು. ಕಾಮಗಾರಿಗಳ ಮೇಲ್ವಿಚಾರಣೆ ಅವರದು. ನಿಧಿಯಿಂದ ಹಣ ತೆಗೆಯುವವರು, ಬಟವಾಡೆ ಮಾಡುವವರು, ದಾಖಲೆಗಳನ್ನು ಕಾಯುವವರು ಅವರೇ. ಪ್ರತಿಯೊಂದು ಸಭೆಗೂ ಹಾಜರಾಗಬೇಕು, ಚರ್ಚೆಯಲ್ಲಿ ಮಾತನಾಡಬಹುದು. ಆದರೆ ನಿರ್ಣಯ ಮಂಡಿಸುವಂತಿಲ್ಲ, ಮತ ಹಾಕುವಂತಿಲ್ಲ. ಸಭೆಯ ಪ್ರಸ್ತಾವ ಕಾಯಿದೆಗೆ ವಿರುದ್ಧವೆಂದು ಕಂಡರೆ ಅದನ್ನು ಸಭೆಯ ಗಮನಕ್ಕೆ ತರುವುದು ಅವರ ಕರ್ತವ್ಯ. ತೀರ್ಮಾನಿಸುವುದು ಸಭೆಯ ಹಕ್ಕು. ಹಣದ ಚೀಲ ಅವರ ಕೈಯಲ್ಲಿ, ಚೀಲದ ಬಾಯಿಯ ದಾರ ಸದಸ್ಯರ ಕೈಯಲ್ಲಿ ಎಂಬುದು ಕಾಯಿದೆಯ ಉದ್ದೇಶ. ಚೀಲವೂ ಹೊರಗಿನವರು ಎಣಿಸುವಷ್ಟು ಭಾರವಲ್ಲ. ತಾಲ್ಲೂಕು ಪಂಚಾಯಿತಿಯ ಮೂಲಕ ಹಾಯುವ ಹಣದಲ್ಲಿ ಬಹುಪಾಲು ಸಂಬಳಗಳಿಗೇ ಸಲ್ಲುತ್ತದೆ.

ಒಂದೇ ಕಾಯಿದೆ, ಒಂದೇ ದರ್ಜೆಯ ಅಧಿಕಾರಿ. ಆದರೂ ಕಾಲಿಟ್ಟ ನೆಲಕ್ಕೆ ತಕ್ಕಂತೆ ಅಧಿಕಾರದ ತೂಕ ಬೇರೆ. ೧೯೯೭ರ ಆಗಸ್ಟ್ ೧೫ರಂದು ರಚಿತವಾದ ದಾವಣಗೆರೆ ಜಿಲ್ಲೆಯಲ್ಲಿ ಇದು ಎದ್ದು ಕಾಣುತ್ತದೆ. ಚನ್ನಗಿರಿಯಲ್ಲಿ ಸೂಳೆಕೆರೆ ಇದೆ, ಭದ್ರಾ ನಾಲೆ ಇದೆ, ಅಡಿಕೆಯ ತೋಟಗಳಿವೆ. ತೋಟದ ಯಜಮಾನನಿಗೆ ಸಹಕಾರ ಸಂಘದ ಕದವೂ ಮಾರುಕಟ್ಟೆಯ ಧಾರಣೆಯೂ ಮುಖ್ಯ, ಬಿ. ಡಿ. ಓ. ಕಚೇರಿಯ ಮೆಟ್ಟಿಲು ಆತನಿಗೆ ಎಂದೋ ಒಮ್ಮೆಯ ಮಾತು. ಆ ತೋಟದಲ್ಲಿ ಕೂಲಿ ಮಾಡುವವರ ಮಾತು ಬೇರೆ. ತುಂಗಭದ್ರೆಯ ದಡದ ಹೊನ್ನಾಳಿಯಲ್ಲೂ ನಾಲೆಯ ನೀರು ಮುಟ್ಟುವ ಊರಿಗೂ ಮುಟ್ಟದ ಊರಿಗೂ ಇಂಥದೇ ಅಂತರ. ನ್ಯಾಮತಿ ೨೦೧೭–೧೮ರ ರಾಜ್ಯ ಮುಂಗಡ ಪತ್ರದಲ್ಲಿ ಘೋಷಿತವಾದ ಹೊಸ ತಾಲ್ಲೂಕು. ತಾಲ್ಲೂಕು ಚಿಕ್ಕದಾದಷ್ಟೂ ಅರ್ಜಿದಾರನ ಬಸ್ ಚಾರ್ಜು ಉಳಿಯುತ್ತದೆ, ಒಂದು ದಿನದ ಕೂಲಿಯೂ ಉಳಿಯುತ್ತದೆ. ನಕ್ಷೆಯ ಮೇಲೆ ಒಂದು ಗೆರೆ ಎಳೆಯುವುದರಿಂದ ಬಡವನಿಗೆ ಆಗುವ ಲಾಭ ಇದೇ, ಅದೇನೂ ಸಣ್ಣದಲ್ಲ.

ಜಗಳೂರಿನಲ್ಲಿ ಆ ಸಹಿಗೆ ಬೆಲೆ ಹೆಚ್ಚು. ಮಳೆಯನ್ನೇ ನಂಬಿದ ನೆಲ. ಬರಗಾಲ ಅಲ್ಲಿಗೆ ಅತಿಥಿಯಲ್ಲ, ನೆಂಟ. ದೂರದ ತುಂಗಭದ್ರೆಯಿಂದ ನೀರೆತ್ತಿ ಆ ಕಡೆಯ ಕೆರೆಗಳನ್ನು ತುಂಬಿಸುವ ಯೋಜನೆಯಾಗಲಿ, ಭದ್ರಾ ಮೇಲ್ದಂಡೆಯ ನೀರಾಗಲಿ ತಾಲ್ಲೂಕು ಅಧಿಕಾರಿಯ ಅಳವಿಗೆ ಸೇರಿದ್ದಲ್ಲ. ಅವು ರಾಜಧಾನಿಗಳಲ್ಲಿ ತೀರ್ಮಾನವಾಗುವ ಮಾತು. ಅವರು ಮಾಡಬಹುದಾದದ್ದು ಕೆರೆಯ ಹೂಳೆತ್ತಿಸುವುದು, ಹೊಲಕ್ಕೆ ಬದು ಹಾಕಿಸುವುದು, ಆ ನೆಪದಲ್ಲಿ ಊರು ಬಿಟ್ಟು ಹೊರಟವರನ್ನು ಊರಲ್ಲೇ ನಿಲ್ಲಿಸುವುದು.

ಇದಕ್ಕೆ ಆಧಾರವಾಗಿ ಒದಗಿದ್ದು ೨೦೦೫ರ ಉದ್ಯೋಗ ಖಾತರಿ ಕಾಯಿದೆ. ೨೦೦೬ರ ಫೆಬ್ರವರಿ ೨ರಂದು ಅದು ದೇಶದ ೨೦೦ ಜಿಲ್ಲೆಗಳಲ್ಲಿ ಜಾರಿಗೆ ಬಂದಾಗ ಕರ್ನಾಟಕದಿಂದ ಆಯ್ಕೆಯಾದದ್ದು ಐದು ಜಿಲ್ಲೆಗಳು: ಬೀದರ್, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆ. ತಾಲ್ಲೂಕಿನ ಕಾರ್ಯನಿರ್ವಾಹಕ ಅಧಿಕಾರಿಯೇ ಕಾರ್ಯಕ್ರಮಾಧಿಕಾರಿಯೂ ಆದರು. ಅಲ್ಲಿಯವರೆಗೆ ನೆರವು ಎಂಬುದು ಅಧಿಕಾರಿಯ ಕೃಪೆ. ಈ ಕಾಯಿದೆ ಅದನ್ನು ಸಾಲದ ಪತ್ರದಂತೆ ಮಾಡಿತು. ಕೆಲಸ ಕೇಳಿ ನಮೂನೆ ೬ರಲ್ಲಿ ಅರ್ಜಿ ಕೊಟ್ಟವರಿಗೆ ಹದಿನೈದು ದಿನಗಳೊಳಗೆ ಕೆಲಸ ಸಿಗಬೇಕು. ಸಿಗದಿದ್ದರೆ ನಿರುದ್ಯೋಗ ಭತ್ಯೆ: ಮೊದಲ ಮೂವತ್ತು ದಿನ ಕೂಲಿಯ ಕಾಲು ಭಾಗಕ್ಕೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದಂತೆ. ದೂರು ಬಂದರೆ ಕಾರ್ಯಕ್ರಮಾಧಿಕಾರಿ ಅದನ್ನು ವಹಿಯಲ್ಲಿ ಬರೆದುಕೊಂಡು ತಮ್ಮ ವ್ಯಾಪ್ತಿಯ ವಿಷಯವಾದರೆ ಏಳು ದಿನಗಳಲ್ಲಿ ತೀರ್ಮಾನಿಸಬೇಕು.

ಇಲ್ಲಿ ಒಂದು ಸೂಕ್ಷ್ಮವಿತ್ತು. ಕೂಲಿಯ ಹಣ ಕೇಂದ್ರ ಸರ್ಕಾರದ್ದು. ನಿರುದ್ಯೋಗ ಭತ್ಯೆ ರಾಜ್ಯದ ಬೊಕ್ಕಸದ್ದು. ಆದ್ದರಿಂದ ಭತ್ಯೆ ಕೊಡಬೇಕಾಗಿ ಬಂದರೆ ಅಧಿಕಾರಿಗೆ ಮೇಲಿನವರಿಂದ ಪ್ರಶ್ನೆ ತಪ್ಪಿದ್ದಲ್ಲ. ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವ ಅತಿ ಸುಲಭದ ಉಪಾಯವೆಂದರೆ ಅರ್ಜಿಗೆ ದಿನಾಂಕವಿರುವ ರಸೀದಿಯನ್ನೇ ಕೊಡದಿರುವುದು! ದಿನಾಂಕವಿಲ್ಲದಿದ್ದರೆ ಹದಿನೈದು ದಿನಗಳನ್ನು ಎಲ್ಲಿಂದ ಎಣಿಸುವುದು? ರಸೀದಿ ಕೊಡಲೇಬೇಕೆಂದು ಕಾಯಿದೆ ಹೇಳಿದ್ದರೂ ದೇಶದ ಎಷ್ಟೋ ಕಡೆ ಕೊಡುತ್ತಿರಲಿಲ್ಲವೆಂದು ೨೦೧೩ರ ಮಹಾಲೇಖಪಾಲರ ವರದಿ ಎತ್ತಿ ತೋರಿಸಿತು. ಕೋಟಿಗಟ್ಟಲೆ ರೂಪಾಯಿಯ ಯೋಜನೆಯ ಜೀವ ಬೆರಳಗಲದ ಒಂದು ಚೀಟಿಯಲ್ಲಿತ್ತು. ಅದನ್ನು ಕೇಳಿ ಪಡೆಯುವ ಧೈರ್ಯವಿದ್ದ ಊರಲ್ಲಿ ಕೆಲಸ ನಡೆಯಿತು. ಹೆಂಗಸರು ಗುಂಪಾಗಿ ಹೋಗಿ ಕೇಳಿದಲ್ಲಿ ಇನ್ನೂ ಬೇಗ ನಡೆಯಿತು.

ಆ ಕಾಯಿದೆಯ ಸ್ಥಾನದಲ್ಲಿ ಸಂಸತ್ತು ೨೦೨೫ರ ಡಿಸೆಂಬರ್‌ನಲ್ಲಿ ಹೊಸದೊಂದನ್ನು ಅಂಗೀಕರಿಸಿತು. ನೂರು ದಿನಗಳ ಭರವಸೆಯನ್ನು ೧೨೫ಕ್ಕೆ ಏರಿಸಿತು. ಹೆಸರೂ ಹಣದ ಪಾಲೂ ಬದಲಾದವು. ಚೀಟಿ ಕೇಳಬೇಕಾದವರು ಮಾತ್ರ ಅದೇ ಜನ.

ಇದಕ್ಕೂ ಮೊದಲೇ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿಹೋಗಿತ್ತು. ೨೦೧೬ರಲ್ಲಿ ಚುನಾಯಿತವಾದ ರಾಜ್ಯದ ತಾಲ್ಲೂಕು ಪಂಚಾಯಿತಿಗಳ ಅವಧಿ ೨೦೨೧ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ಚುನಾವಣೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು. ಸದಸ್ಯರ ಸ್ಥಾನದಲ್ಲಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಬಂದು ಕುಳಿತರು. ಮಾತನಾಡಬಹುದು, ಮತ ಹಾಕುವಂತಿಲ್ಲ ಎಂದು ಕಾಯಿದೆ ಯಾವ ಅಧಿಕಾರಿಗೆ ಎಚ್ಚರಿಕೆಯಿಂದ ಗೆರೆ ಎಳೆದಿತ್ತೋ, ಆ ಅಧಿಕಾರಿಯ ಎದುರಿಗೆ ಮತ ಹಾಕುವವರೇ ಇಲ್ಲವಾದರು. ಒಬ್ಬ ಅಧಿಕಾರಿ ಬರೆದು ಮತ್ತೊಬ್ಬ ಅಧಿಕಾರಿ ಒಪ್ಪಿದರೆ ಸಭೆ ಮುಗಿಯಿತು. ಕಡತ ಬೇಗ ಓಡುತ್ತದೆಂದು ಇದನ್ನು ಮೆಚ್ಚುವವರೂ ಉಂಟು. ಓಡುವ ಕಡತದಲ್ಲಿ ತನ್ನ ಊರಿನ ಹೆಸರು ಬಿಟ್ಟುಹೋಗಿದ್ದರೆ ಅದನ್ನು ಯಾರ ಮನೆಯ ಬಾಗಿಲಲ್ಲಿ ನಿಂತು ಕೇಳಬೇಕೆಂಬುದು ಬೆಂಚಿನ ಮೇಲೆ ಕುಳಿತವರ ಪ್ರಶ್ನೆ. ಸದಸ್ಯರಿದ್ದ ಕಾಲದಲ್ಲಿ ಅವರ ಮನೆ ಎಲ್ಲರಿಗೂ ಗೊತ್ತಿತ್ತು. ರಾತ್ರಿ ಊಟದ ಹೊತ್ತಿಗಾದರೂ ಸಿಕ್ಕುತ್ತಿದ್ದರು.

ಈಗ ಆ ಜನ ಕಚೇರಿಗೆ ಹೊರಡುವಾಗ ಪ್ಲಾಸ್ಟಿಕ್ ಚೀಲದೊಳಗೆ ಪಡಿತರ ಚೀಟಿ, ಬ್ಯಾಂಕಿನ ಪುಸ್ತಕ, ಉದ್ಯೋಗ ಚೀಟಿಗಳನ್ನು ಜೋಡಿಸಿ, ಎಲ್ಲಕ್ಕಿಂತ ಒಳಗೆ, ಮಡಿಕೆ ಸವೆದ ರಸೀದಿಗಳನ್ನು ಇಟ್ಟುಕೊಂಡಿರುತ್ತಾರೆ. ಜವಾನ ಒಳಗೆ ಕರೆದೊಡನೆ ಮೊದಲು ತೆಗೆದು ಮೇಜಿನ ಮೇಲಿಡುವುದು ಅದನ್ನೇ. ‘ತಾರೀಖು ನೋಡಿ ಸ್ವಾಮಿ’ ಎನ್ನುತ್ತಾರೆ.