ಒಂದು ವರ್ಷದ ಮಗುವಿಗೂ ರೈಲಿನಲ್ಲಿ ಪೂರ್ತಿ ಟಿಕೆಟ್ ಬೇಕೇ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಮಹಾರಾಷ್ಟ್ರಕ್ಕೆ ದುಡಿಯಲು ಹೋದ ಕುಟುಂಬಗಳು ಹಬ್ಬಕ್ಕೆ ಊರಿಗೆ ಬರುವಾಗ ಈ ಫಾರ್ವರ್ಡ್ ನಂಬಿ ಸುಮ್ಮನೆ ಹಣ ಕಳೆದುಕೊಳ್ಳಬಾರದು.

ಇದು ಸುಳ್ಳು. 2022ರ ಆಗಸ್ಟ್‌ನಲ್ಲಿ ಈ ಸುದ್ದಿ ಹಬ್ಬಿದಾಗಲೇ ರೈಲ್ವೆ ಇಲಾಖೆ ಅಲ್ಲಗಳೆದಿತ್ತು.

ನಿಜವೇನು?

5 ವರ್ಷದೊಳಗಿನ ಮಗುವಿಗೆ ಪ್ರಯಾಣ ಉಚಿತ, ಆದರೆ ಪ್ರತ್ಯೇಕ ಬರ್ತ್ ಸಿಗುವುದಿಲ್ಲ. ಬರ್ತ್ ಬೇಕೆಂದರೆ ಮಾತ್ರ ಪೂರ್ತಿ ದರ. ಈ ಆಯ್ಕೆಯನ್ನೇ ಕೆಲವರು ಕಡ್ಡಾಯವೆಂದು ತಿಳಿದರು.

5ರಿಂದ 12 ವರ್ಷದೊಳಗಿನವರಿಗೆ ಜನರಲ್ ಬೋಗಿಯಲ್ಲಿ ಅರ್ಧ ಟಿಕೆಟ್. ಸ್ಲೀಪರ್‌ನಲ್ಲಿ ಬರ್ತ್ ಬೇಡವೆಂದರೆ ಅರ್ಧ, ಬೇಕೆಂದರೆ ಪೂರ್ತಿ. ಇದು 2016ರ ಏಪ್ರಿಲ್‌ನಿಂದ ಇರುವ ನಿಯಮ.

ಮಗುವನ್ನು ಮಡಿಲಲ್ಲೇ ಮಲಗಿಸುವುದಾದರೆ, ಬುಕ್ ಮಾಡುವಾಗ ‘ಬರ್ತ್ ಬೇಡ’ ಎಂದು ಹೇಳಿ. ವಯಸ್ಸಿನ ದಾಖಲೆ ಜೊತೆಗಿರಲಿ. ಫಾರ್ವರ್ಡ್ ಮಾಡುವುದಿದ್ದರೆ, ಈ ನಿಯಮವನ್ನೇ ಮಾಡಿ ಎಂಬುದು ನಮ್ಮ ಕೋರಿಕೆ.