ಕಂಪ್ಯೂಟರ್ ಪೆಟ್ಟಿಗೆಗೂ ಬೇಕು ಗಾಳಿಯ ದಾರಿ

ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ಮನೆಯಲ್ಲೇ ಕಂಪ್ಯೂಟರ್ ಜೋಡಿಸುವ ಹವ್ಯಾಸ ವಿದ್ಯಾರ್ಥಿಗಳಲ್ಲಿ ಬೆಳೆದಿದೆ. ಎನ್.ಐ.ಟಿ.ಕೆ. ಇರುವ ಸುರತ್ಕಲ್ಲಿನ ನೆರೆಯ ಕಾಟಿಪಳ್ಳದಂಥ ಊರಿಗೆ ಇದು ಹೊಸತೇನಲ್ಲ. ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಎಂದು ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಫ್ಯಾನಿನ ಮಾತು ಬರುವುದು ಕೊನೆಗೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಯಂತ್ರ ಕುಂಟತೊಡಗಿದರೆ ‘ಇನ್ನೆರಡು ಫ್ಯಾನ್ ಹಾಕಿದರಾಯಿತು’ ಎಂಬ ಸಲಹೆ ಸಿಗುತ್ತದೆ. ಹೆತ್ತವರ ಹಣ ಪೋಲಾಗುವುದು ಇಲ್ಲಿಯೇ. ಇರುವ ಫ್ಯಾನುಗಳು ಗಾಳಿಗೆ ಸರಿಯಾದ ದಾರಿ ತೋರಿಸುತ್ತಿವೆಯೇ ಎಂದು ಮೊದಲು ನೋಡಬೇಕು.

ಲೆಕ್ಕ ಏನು ಹೇಳುತ್ತದೆ?

ಕಂಪ್ಯೂಟರ್ ಬಳಸುವ ವಿದ್ಯುತ್ತೆಲ್ಲ ಹೆಚ್ಚುಕಡಿಮೆ ಶಾಖವಾಗಿಯೇ ಹೊರಬೀಳುತ್ತದೆ. 300 ವ್ಯಾಟ್ ಬಳಸುವ ಯಂತ್ರವೆಂದರೆ, ಪೆಟ್ಟಿಗೆಯೊಳಗೆ 60 ವ್ಯಾಟಿನ ಐದು ಹಳೆಯ ಬಲ್ಬುಗಳನ್ನು ಉರಿಸಿಟ್ಟಂತೆ. ಉಷ್ಣತೆ 90–100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಪ್ರೊಸೆಸರ್ ತನ್ನ ರಕ್ಷಣೆಗಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಇನ್ನೂ ಕಾದರೆ ಯಂತ್ರ ಥಟ್ಟನೆ ಆರಿಹೋಗುತ್ತದೆ. ಜತೆಗೆ ಸೇವ್ ಮಾಡದ ಪ್ರಾಜೆಕ್ಟ್ ವರದಿಯೂ ಹೋಗುತ್ತದೆ.

ಎಷ್ಟು ಗಾಳಿ ಬೇಕು? ಒಂದು ಕಿಲೋಗ್ರಾಂ ಗಾಳಿಯನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 1000 ಜೂಲ್ ಶಾಖ ಬೇಕು. 300 ವ್ಯಾಟ್ ಎಂದರೆ ಸೆಕೆಂಡಿಗೆ 300 ಜೂಲ್. ಒಳಬಂದ ಗಾಳಿ 10 ಡಿಗ್ರಿ ಮಾತ್ರ ಬಿಸಿಯಾಗಿ ಹೊರಹೋಗಬೇಕಾದರೆ ಸೆಕೆಂಡಿಗೆ 30 ಗ್ರಾಂ, ಅಂದರೆ ಸುಮಾರು 26 ಲೀಟರ್ ಗಾಳಿ ಹರಿಯಬೇಕು. 120 ಮಿ.ಮೀ. ಫ್ಯಾನೊಂದು ಅಡೆತಡೆ ಇಲ್ಲದ ಕಡೆ ಹೆಚ್ಚುಕಡಿಮೆ ಇಷ್ಟು ಗಾಳಿಯನ್ನು ದೂಡಬಲ್ಲದು. ಜಾಲರಿ, ಕೇಬಲ್ಲುಗಳು ಅಡ್ಡ ಬಂದಾಗ ಅದು ತಗ್ಗುತ್ತದೆ. ಹಾಗಾಗಿ ಮುಂದೆ ಎರಡು, ಹಿಂದೆ ಒಂದು ಫ್ಯಾನ್ ಇದ್ದರೆ ಇಂಥ ಯಂತ್ರಕ್ಕೆ ಸಾಮಾನ್ಯವಾಗಿ ಸಾಕು. ಆದರೆ ಕೋಣೆಯೇ 33 ಡಿಗ್ರಿ ಇದ್ದರೆ, ಎಷ್ಟು ಫ್ಯಾನ್ ಹಾಕಿದರೂ ಒಳಗೆ ಅದಕ್ಕಿಂತ ತಂಪಾಗದು.

ಹೆಂಚಿನ ಮನೆಯ ಪಾಠ

ಕರಾವಳಿಯ ಹೆಂಚಿನ ಮನೆಯಲ್ಲಿ ಗಾಳಿ ಕಿಟಕಿಯಿಂದ ಬಂದು, ಬಿಸಿಯಾಗಿ ಮೇಲೇರಿ ಹೆಂಚಿನ ಸಂದುಗಳಿಂದ ಹೊರಹೋಗುತ್ತದೆ. ಕ್ಯಾಬಿನೆಟ್ಟಿನಲ್ಲೂ ಕ್ರಮ ಇದೇ. ಮುಂಭಾಗದ ಕೆಳಗಿನಿಂದ ಬಂದ ಗಾಳಿ ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್‌ಗಳನ್ನು ದಾಟಿ ಹಿಂಭಾಗದ ಮೇಲಿನಿಂದ ಹೊರಬೀಳಬೇಕು. ಪ್ರೊಸೆಸರಿನ ಮೇಲೆ ಎತ್ತರದ ಕೂಲರ್ ಇದ್ದರೆ ಅದರ ಫ್ಯಾನೂ ಹಿಂದಕ್ಕೇ ಊದಬೇಕು. ಮೇಲ್ಭಾಗದಲ್ಲಿ ತೀರ ಮುಂದೆ ಗಾಳಿ ಹೊರಹಾಕುವ ಫ್ಯಾನ್ ಹಾಕಿದರೆ, ಆಗ ತಾನೇ ಒಳಬಂದ ತಂಪು ಗಾಳಿ ಕೆಲಸ ಮಾಡದೆಯೇ ಹೊರಟುಹೋಗುತ್ತದೆ.

ಫ್ಯಾನಿನ ದಿಕ್ಕು ತಿಳಿಯಲು ಅದರ ಚೌಕಟ್ಟಿನಲ್ಲಿ ಬಾಣದ ಗುರುತು ಹುಡುಕಿ. ಇಲ್ಲದಿದ್ದರೆ, ಮೋಟಾರನ್ನು ಹಿಡಿದ ಅಡ್ಡಕಡ್ಡಿಗಳಿರುವ ಬದಿಯಿಂದ ಗಾಳಿ ಹೊರಬರುತ್ತದೆ ಎಂದು ತಿಳಿಯಬಹುದು. ಜೋಡಿಸಿದ ಬಳಿಕ ತೆಳು ಕಾಗದದ ಚೂರನ್ನು ಹೊರಗಿನಿಂದ ಜಾಲರಿಗೆ ಹಿಡಿಯಿರಿ. ಅಂಟಿಕೊಂಡರೆ ಫ್ಯಾನ್ ಒಳಗೆಳೆಯುತ್ತಿದೆ, ಹಾರಿದರೆ ಹೊರದೂಡುತ್ತಿದೆ.

ಧೂಳು, ಉಪ್ಪುಗಾಳಿ

ಎಲ್ಲ ಫ್ಯಾನುಗಳೂ ಹೊರದೂಡುತ್ತಿದ್ದರೆ ಪೆಟ್ಟಿಗೆಯ ಪ್ರತಿ ಸಂದಿನಿಂದ ಧೂಳು ನುಗ್ಗುತ್ತದೆ. ಒಳಗೆಳೆಯುವುದು ತುಸು ಹೆಚ್ಚಿದ್ದು, ಅಲ್ಲಿ ಫಿಲ್ಟರ್ ಇದ್ದರೆ ಧೂಳು ಅಲ್ಲೇ ನಿಲ್ಲುತ್ತದೆ. ಕಡಲತಡಿಯಲ್ಲಿ ಇದಕ್ಕೆ ಇನ್ನಷ್ಟು ಮಹತ್ವವಿದೆ. ಉಪ್ಪಿನ ತೇವ ಧೂಳಿನೊಂದಿಗೆ ಸೇರಿದರೆ ಲೋಹದ ಭಾಗಗಳಿಗೆ ಕಿಲುಬು ಹಿಡಿಯುತ್ತದೆ. ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಹಚ್ಚಿದರೆ ಆ ಹೊತ್ತಿಗೆ ತಂಪೇನೋ ಆಗಬಹುದು. ಆದರೆ ಧೂಳಿಗೂ ಇರುವೆಗಳಿಗೂ ಬಾಗಿಲು ತೆರೆದಂತಾಗುತ್ತದೆ.

ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಫಿಲ್ಟರ್ ಶುಚಿಮಾಡಿ. ತೊಳೆದರೆ ಪೂರ್ತಿ ಒಣಗಿದ ಮೇಲೆಯೇ ಹಾಕಿ. ಮಳೆಗಾಲದಲ್ಲಿ ಅವಸರ ಬೇಡ. ಬ್ಲೋವರ್ ಬಳಸುವಾಗ ಫ್ಯಾನಿನ ರೆಕ್ಕೆ ಸುತ್ತದಂತೆ ಬೆರಳಿನಿಂದ ಹಿಡಿದಿರಿ. ಪೆಟ್ಟಿಗೆಯ ಹಿಂಬದಿಗೂ ಗೋಡೆಗೂ ನಡುವೆ ಅರ್ಧ ಗೇಣಾದರೂ ಜಾಗವಿರಲಿ. ಕಂಪ್ಯೂಟರಿಗೆ ಬಟ್ಟೆ ಹೊದೆಸುವ ಅಭ್ಯಾಸವುಳ್ಳ ಮನೆಗಳಲ್ಲಿ ಅದು ಆರಿದ ಮೇಲಷ್ಟೇ ಹೊದೆಸಬೇಕು.

ಹೊಸ ಫ್ಯಾನ್ ಕೊಳ್ಳುವ ಮೊದಲು ಮಕ್ಕಳು ಒಂದು ಪ್ರಯೋಗ ಮಾಡಬಹುದು. ಒಂದೇ ಕೆಲಸವನ್ನು ಅರ್ಧ ಗಂಟೆ ನಡೆಸಿ ಪ್ರೊಸೆಸರಿನ ಉಷ್ಣತೆಯನ್ನೂ ಕೋಣೆಯ ಉಷ್ಣತೆಯನ್ನೂ ಬರೆದುಕೊಳ್ಳಿ. ಒಂದು ಫ್ಯಾನನ್ನು ಮಾತ್ರ ತಿರುಗಿಸಿ ಮತ್ತೆ ಅಳೆಯಿರಿ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಫಲ ಸಿಕ್ಕಿತೆಂದು ತಿಳಿಯದು. ಅಂಗಡಿಗೆ ಹೋಗಬೇಕೋ ಬೇಡವೋ ಎಂಬುದನ್ನು ಆ ಅಂಕಿಗಳೇ ಹೇಳುತ್ತವೆ.